ಚಿಕಿತ್ಸೆಯ ಲೆಕ್ಕ ಎಲ್ಲಿ ಮುಗಿಯಬೇಕು?

ಡೊಂಬಿವಲಿ ಎಂಐಡಿಸಿ ಭಾಗದ ಉಪಾಹಾರಗೃಹವೊಂದರಲ್ಲಿ ದುಡಿಯುವ, ಕುಂದಾಪುರದ ಕಡೆಯ ತರುಣನೊಬ್ಬನು ಕಳೆದ ವಾರ ಊದಿದ ಕೆನ್ನೆಯೊಡನೆ ನಮ್ಮಲ್ಲಿಗೆ ಬಂದಿದ್ದನು. ಕೆಲವು ತಿಂಗಳ ಹಿಂದೆ ಆತನು ಒಂದು ದಂತ ಕಾಲೇಜಿನ ಆಸ್ಪತ್ರೆಯಲ್ಲಿ ದವಡೆ ಹಲ್ಲಿನ ಬೇರಿನ ಚಿಕಿತ್ಸೆಯನ್ನು ಆರಂಭಿಸಿದ್ದನು. ಮೊದಲ ಸಲಕ್ಕೇ ನೋವು ನಿಂತಿತು. ಇನ್ನೆರಡು ಸಲ ಬರಬೇಕೆಂದು ವೈದ್ಯರು ಚೀಟಿ ಬರೆದುಕೊಟ್ಟರು. ಮಾಲಿಕರು ರಜೆ ಕೊಡಲಿಲ್ಲ. ನೋಯದ ಹಲ್ಲಿಗಾಗಿ ಒಂದು ದಿನದ ಸಂಬಳ ಕಳೆದುಕೊಳ್ಳಲು ಇವನಿಗೂ ಮನಸ್ಸಾಗಲಿಲ್ಲ. ತಾತ್ಕಾಲಿಕವಾಗಿ ತುಂಬಿದ್ದ ಮದ್ದು ಕಳಚಿತು, ಕೀವಾಯಿತು. ಈಗ ಆ ಹಲ್ಲನ್ನು ಕೀಳಿಸದೆ ಗತ್ಯಂತರವಿಲ್ಲ.

ಇದು ಕೇವಲ ಒಬ್ಬ ಕೆಲಸಗಾರನ ದುರ್ದೈವವಲ್ಲ. ನೆರೂಳ, ಖಾರಘರ, ಕಾಮೋಠೆಗಳಲ್ಲಿ ದಂತ ಕಾಲೇಜುಗಳಿವೆ. ಮುಂಬಯಿಯಲ್ಲಿ 1933ರಷ್ಟು ಹಿಂದೆಯೇ ಆರಂಭವಾದ ನಾಯರ್ ಆಸ್ಪತ್ರೆಯ ದಂತ ಕಾಲೇಜಿದೆ. ಇಂತಹ ಕಾಲೇಜುಗಳಲ್ಲಿ ಬಡವರ ಹಲ್ಲಿಗೆ ಕೈಯಿಡುವವರಲ್ಲಿ ಅನೇಕರು ಎಂ.ಡಿ.ಎಸ್. ಓದುತ್ತಿರುವ ಭಾವೀ ತಜ್ಞರು. ಮೂರು ವರ್ಷಗಳ ಈ ಶಿಕ್ಷಣದಲ್ಲಿ ಪ್ರತಿಯೊಬ್ಬನೂ ತಾನು ಮಾಡಿದ ಚಿಕಿತ್ಸೆಗಳನ್ನು ಒಂದು ಲಾಗ್‌ಬುಕ್ಕಿನಲ್ಲಿ ಬರೆದಿಡಬೇಕು. ಗುರುಗಳೂ ವಿಭಾಗದ ಮುಖ್ಯಸ್ಥರೂ ಅದನ್ನು ಪರಿಶೀಲಿಸಿ ಸಹಿ ಮಾಡಬೇಕು. ನಿಯಮವು ಒಳ್ಳೆಯದೇ. ಆದರೆ ಪುಸ್ತಕದಲ್ಲಿ ಸಂಖ್ಯೆ ತುಂಬಿದ ಮಾತ್ರಕ್ಕೆ ಕೈ ಪಳಗಿತೆಂದು ಹೇಳಲಾದೀತೇ?

ನಾವು ಗಲ್ಲೆಯಲ್ಲಿ ಕುಳಿತು ಬಂದವರು. ದೋಸೆಕಲ್ಲಿನ ಮುಂದೆ ನಿಂತ ಹೊಸಬನು ಎಷ್ಟು ದೋಸೆ ಹುಯ್ದನೆಂದು ಎಣಿಸುವುದು ಸುಲಭ. ಎಂಜಲು ತಟ್ಟೆಯಲ್ಲಿ ಎಷ್ಟು ಉಳಿಯಿತೆಂದು ನೋಡಿದವನಿಗೇ ಅವನ ಕೈಗುಣ ತಿಳಿಯುವುದು. ಬೇರಿನ ಚಿಕಿತ್ಸೆಯೂ ಹಾಗೆಯೇ. ಬೇರಿನ ತುದಿಯಲ್ಲಿ ಸವೆದ ಎಲುಬು ಮರಳಿ ಕೂಡಿಕೊಂಡಿತೇ ಎಂಬುದು ಆರು ತಿಂಗಳೋ ವರ್ಷವೋ ಕಳೆದು ತೆಗೆದ ಎಕ್ಸ್‌ರೇಯಲ್ಲಿ ಕಾಣಬೇಕು. ಹಲ್ಲಿನ ಸಾಲನ್ನು ನೇರಗೊಳಿಸುವ ತಂತಿಯ ಚಿಕಿತ್ಸೆಗೆ ಒಂದೂವರೆ ಎರಡು ವರ್ಷ ಹಿಡಿಯುವುದುಂಟು. ಅಷ್ಟರಲ್ಲಿ ವಿದ್ಯಾರ್ಥಿಯು ಪದವಿ ಪಡೆದು ಹೋದರೆ ರೋಗಿಯು ಮತ್ತೊಬ್ಬನ ಪಾಲಿಗೆ ಬರುತ್ತಾನೆ. ಆಗ ದಾಖಲೆಯೊಂದೇ ಆಧಾರ.

ಬ್ರಿಟನ್ನಿನಲ್ಲಿ ತರಬೇತಿಯಲ್ಲಿರುವ ದಂತ ತಜ್ಞರ ಕೆಲಸವನ್ನು ಹಿರಿಯರು ಕಣ್ಣಾರೆ ನೋಡಿ ಅಭಿಪ್ರಾಯ ಬರೆಯುತ್ತಾರೆ. ವರ್ಷಕ್ಕೊಮ್ಮೆ ಒಟ್ಟು ಪ್ರಗತಿಯ ವಿಮರ್ಶೆ ನಡೆಯುತ್ತದೆ. 1948ರ ದಂತವೈದ್ಯರ ಕಾಯಿದೆಯ ಬದಲಿಗೆ ರಾಷ್ಟ್ರೀಯ ದಂತ ಆಯೋಗವನ್ನು ತರುವ ಶಾಸನವನ್ನು ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿತು. ಹೊಸ ವ್ಯವಸ್ಥೆಯಲ್ಲಿ ಲಾಗ್‌ಬುಕ್ಕಿನ ಪ್ರತಿಯೊಂದು ಚಿಕಿತ್ಸೆಯ ಎದುರಿಗೂ ‘ಪರಿಣಾಮವೇನಾಯಿತು, ರೋಗಿ ಮರಳಿ ಬಂದನೇ’ ಎಂಬ ಅಂಕಣವಿರಬೇಕು. ಅರ್ಧಕ್ಕೆ ನಿಂತುದನ್ನು ಅರ್ಧವೆಂದೇ ಬರೆಯುವ ಪ್ರಾಮಾಣಿಕತೆಗೆ ಗುರುಗಳು ಬೆಲೆ ಕೊಡಬೇಕು.

ಆದರೆ ರೋಗಿಯೇ ಬಾರದಿದ್ದರೆ ಆ ಅಂಕಣವನ್ನು ಯಾರು ತುಂಬಬೇಕು? ಇಲ್ಲಿ ತಪ್ಪು ನಮ್ಮದೂ ಇದೆ. ರಜೆ ಕೇಳಿದ ಹುಡುಗನಿಗೆ ‘ನಾಳೆ ನೋಡೋಣ’ ಎಂದು ನಾವೂ ಹೇಳಿದ್ದುಂಟು. ಆ ನಾಳೆ ಬಂದುದಿಲ್ಲ. ಮಾಲಿಕ ಬಂಧುಗಳು ಆಸ್ಪತ್ರೆಯ ಚೀಟಿ ತೋರಿಸಿದವನಿಗೆ ಸಂಬಳ ಮುರಿಯದೆ ಅರ್ಧ ದಿನದ ಬಿಡುವು ಕೊಡಲಿ. ಕಾಲೇಜುಗಳು ದುಡಿಯುವವರ ಪುನರ್ಭೇಟಿಗೆ ವಾರದಲ್ಲಿ ಒಂದು ಸಂಜೆಯನ್ನಾದರೂ ಮೀಸಲಿಡಲಿ. ನಮ್ಮ ಕೆಲಸಗಾರರೂ ಗುಮಾಸ್ತರೂ ನೋವು ನಿಂತಿತೆಂದು ಚೀಟಿಯನ್ನು ಎಸೆಯದಿರಲಿ. ಹೇಳಿದ ದಿನ ಹೋಗಲಿ, ನಡೆದ ಚಿಕಿತ್ಸೆಯ ವಿವರವನ್ನು ಬರೆಯಿಸಿಕೊಂಡು ಬರಲಿ.

ಮರಳಿ ಹೋದವನು ತನ್ನ ಹಲ್ಲನ್ನು ಉಳಿಸಿಕೊಳ್ಳುವುದಲ್ಲದೆ, ನಾಳೆ ನಮ್ಮ ಮಕ್ಕಳ ಹಲ್ಲು ನೋಡಲಿರುವ ತಜ್ಞನಿಗೆ ಅವನ ಕೆಲಸದ ಗುಣದೋಷಗಳನ್ನೂ ತೋರಿಸಿಕೊಡುತ್ತಾನೆ. ಪಾಠ ಇಬ್ಬರಿಗೂ ಪೂರ್ತಿಯಾಗಲಿ.