ಒತ್ತಾಯದ ತ್ಯಾಗ ತ್ಯಾಗವಲ್ಲ

ಮನೆಯ ಯಜಮಾನನ ಎರಡೂ ಮೂತ್ರಪಿಂಡಗಳು ಕೆಟ್ಟಿವೆಯೆಂದು ವೈದ್ಯರು ತಿಳಿಸಿದ ದಿನ ಕುಟುಂಬದವರೆಲ್ಲ ಒಂದೆಡೆ ಸೇರುತ್ತಾರೆ. ಹಣ ಎಲ್ಲಿಂದ ಎಂಬುದು ಮೊದಲ ಪ್ರಶ್ನೆ; ಮೂತ್ರಪಿಂಡ ಯಾರದು ಎಂಬುದು ಎರಡನೆಯದು. ಈ ಎರಡನೆಯ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಎಲ್ಲರ ದೃಷ್ಟಿ ಅಡುಗೆಮನೆಯ ಬಾಗಿಲಿನತ್ತ ಹೊರಳುತ್ತದೆ. ಅಲ್ಲಿ ನಿಂತ ಮಡದಿಯೋ ತಾಯಿಯೋ ತಲೆಯಾಡಿಸಿದೊಡನೆ ಆಕೆಯ ತ್ಯಾಗದ ಗುಣಗಾನ ಆರಂಭವಾಗುತ್ತದೆ. ಅದೇ ರೋಗ ಆಕೆಗೆ ಬಂದಾಗ ಗಂಡನ ಉದ್ಯೋಗ, ಮಗನ ಭವಿಷ್ಯ, ಸಹೋದರನ ಸಂಸಾರ ಒಂದೊಂದಾಗಿ ಅಡ್ಡಬರುತ್ತವೆ. ಡಯಾಲಿಸಿಸ್ ಮಾಡಿಸುತ್ತ ಹೇಗೋ ದಿನ ನೂಕಬಹುದೆಂಬ ತೀರ್ಮಾನವಾಗುತ್ತದೆ.

ಇದು ಬರಿಯ ಕಲ್ಪನೆಯೆನ್ನುವವರು ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆಯ ಲೆಕ್ಕವನ್ನು ನೋಡಬೇಕು. 1995ರಿಂದ 2021ರವರೆಗೆ ಭಾರತದಲ್ಲಿ ನಡೆದುದಾಗಿ ದಾಖಲಾದ 36,640 ಅಂಗಾಂಗ ಕಸಿಗಳಲ್ಲಿ ಮಹಿಳೆಯರಿಗೆ ದೊರೆತವು 6,945 ಮಾತ್ರ. 2019ರಿಂದ 2023ರವರೆಗಿನ ಐದು ವರ್ಷಗಳಲ್ಲಿ ಅಂಗ ನೀಡಿದ 56,509 ಜೀವಂತ ದಾನಿಗಳಲ್ಲಿ 36,038 ಮಂದಿ ಮಹಿಳೆಯರು. ಆದರೆ ಪಡೆದ ಮಹಿಳೆಯರು 17,041. ಕೊಡುವಾಗ ಮುಂದಿನ ಸಾಲು, ಪಡೆಯುವಾಗ ಹಿಂದಿನ ಸಾಲು.

ಇದಕ್ಕೆ ಸಮರ್ಥನೆಗಳು ಸಿದ್ಧವಾಗಿವೆ. ಈ ರೋಗ ಪುರುಷರಲ್ಲಿಯೇ ಹೆಚ್ಚೆನ್ನುವುದು ಒಂದು. ಪುರುಷರಲ್ಲಿ ಅದು ಬೇಗ ಉಲ್ಬಣಿಸುವುದು ನಿಜ; ಆದರೆ ದೀರ್ಘಕಾಲದ ಮೂತ್ರಪಿಂಡ ರೋಗ ಜಗತ್ತಿನಲ್ಲಿ ಮಹಿಳೆಯರನ್ನೇ ಹೆಚ್ಚಾಗಿ ಬಾಧಿಸುತ್ತದೆ. ಗರ್ಭಧಾರಣೆಯ ಕಾಲದಲ್ಲಿ ಹುಟ್ಟುವ ಪ್ರತಿಕಾಯಗಳಿಂದಾಗಿ ಗಂಡನ ಮೂತ್ರಪಿಂಡ ಹೆಂಡತಿಗೆ ಒಗ್ಗದಿರಬಹುದೆನ್ನುವುದು ಇನ್ನೊಂದು. ಇದೂ ನಿಜವೇ. ಆದರೆ ಹೀಗೆ ಹೊಂದಾಣಿಕೆಯಾಗದ ಎರಡು ಕುಟುಂಬಗಳು ಪರಸ್ಪರ ದಾನ ಮಾಡಿಕೊಳ್ಳಲು 2011ರ ಕಾನೂನು ತಿದ್ದುಪಡಿಯೇ ಅವಕಾಶ ನೀಡಿದೆ. ದುಡಿಯುವವನು ಉಳಿದರೆ ಮನೆ ಉಳಿಯುತ್ತದೆ ಎನ್ನುವುದು ಮೂರನೆಯದು. ಬೆಳಗಿನಿಂದ ರಾತ್ರಿಯವರೆಗೆ ಮನೆಯನ್ನು ಹೊತ್ತವಳ ದುಡಿಮೆಗೆ ಸಂಬಳವಿಲ್ಲದ ಮಾತ್ರಕ್ಕೆ ಅವಳ ಜೀವಕ್ಕೆ ಬೆಲೆ ಕಡಿಮೆಯೆನ್ನುವ ಈ ವಾದ ವ್ಯಾಪಾರಿಯದೇ ಹೊರತು ಧರ್ಮಜ್ಞನದಲ್ಲ.

ಈ ಅನ್ಯಾಯ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಆರಂಭವಾಗುವುದಿಲ್ಲ. ಮೂತ್ರಪಿಂಡದ ದೋಷ ಸರಳವಾದ ರಕ್ತ ಹಾಗೂ ಮೂತ್ರ ಪರೀಕ್ಷೆಗಳಿಂದಲೇ ತಿಳಿಯುತ್ತದೆ. ಆದರೆ ಪರೀಕ್ಷೆಗೆ ಆಸ್ಪತ್ರೆಯವರೆಗೆ ಹೋಗಬೇಕು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಹೊರರೋಗಿ ವಿಭಾಗಗಳ 2016ರ ದಾಖಲೆಗಳ ಅಧ್ಯಯನದಲ್ಲಿ ಒಬ್ಬ ಮಹಿಳೆಗೆ 1.69ರಂತೆ ಪುರುಷರು ಬಂದಿದ್ದರು. ದೂರದ ಬಿಹಾರದಿಂದ ಬಂದವರಲ್ಲಿ ಈ ಪ್ರಮಾಣ 2.37. ದಾರಿ ದೂರವಾದಷ್ಟೂ ರೈಲಿನ ಖರ್ಚು, ಜೊತೆಗೆ ಹೋಗುವವರ ಕೂಲಿನಷ್ಟ ಹೆಚ್ಚುತ್ತದೆ. ಅದರೊಂದಿಗೆ ಹೆಣ್ಣಿನ ಕಾಯಿಲೆ 'ಸಾಮಾನ್ಯ ಸುಸ್ತು' ಆಗಿಬಿಡುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57, ಪುರುಷರಲ್ಲಿ ಶೇ. 25 ಮಂದಿಗೆ ರಕ್ತಹೀನತೆ ಇತ್ತು. ಆ ಸುಸ್ತಿನ ಕಾರಣವನ್ನು ಎಷ್ಟು ಮನೆಗಳು ಕೇಳಿವೆ?

ತ್ಯಾಗವೆಂಬುದು ದೊಡ್ಡ ಮಾತು. ಬೇಡವೆನ್ನುವ ಸ್ವಾತಂತ್ರ್ಯವಿದ್ದವನು ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟದ್ದು ಮಾತ್ರ ತ್ಯಾಗ. ಬೇಡವೆಂದರೆ ಮನೆಯಲ್ಲಿ ಮುಖವೆತ್ತಲಾಗದವಳಿಂದ ಪಡೆದದ್ದು ಕಪ್ಪಕಾಣಿಕೆ. ಕಾನೂನಿಗೂ ಈ ಸಂಶಯವಿದೆ. ದಾನಿ ಮಹಿಳೆಯಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವನಲ್ಲದ ಬೇರೊಬ್ಬರು ದೃಢಪಡಿಸಬೇಕು ಎಂದು 2014ರ ನಿಯಮಗಳು ವಿಧಿಸಿವೆ. ಮನಃಪೂರ್ವಕವಾಗಿ ನೀಡುವ ಮಡದಿಯರೂ ತಾಯಂದಿರೂ ಇದ್ದಾರೆ, ಅವರಿಗೆ ನಮಸ್ಕಾರ ಸಲ್ಲಲೇಬೇಕು. ಆದರೆ ಮನಃಪೂರ್ವಕವಾದ ಪ್ರೀತಿ ಮನೆಯ ಗಂಡಸರಲ್ಲಿ ಇಷ್ಟು ವಿರಳವೇಕೆ?

2025ರ ಆಗಸ್ಟ್‌ನಲ್ಲಿ ಕಸಿ ಸಂಸ್ಥೆಯು, ಮೃತ ದಾನಿಗಳ ಅಂಗಗಳಿಗಾಗಿ ಕಾಯುವವರ ಪಟ್ಟಿಯಲ್ಲಿ ಮಹಿಳೆಯರಿಗೆ ಆದ್ಯತೆ ಕೊಡುವಂತೆ ಸೂಚಿಸಿತು. ಒಳ್ಳೆಯ ಹೆಜ್ಜೆ. ಆದರೆ ಯಾವ ಸುತ್ತೋಲೆಯೂ ಮನೆಯ ಹೊಸ್ತಿಲು ದಾಟಲಾರದು.

ಹೊಸ್ತಿಲಿನೊಳಗಿನ ಕೆಲಸ ಕುಟುಂಬಗಳದು, ಔಷಧದಾನವನ್ನು ಚತುರ್ವಿಧ ದಾನಗಳಲ್ಲೊಂದೆಂದು ನಂಬಿದ ಬಸದಿಗಳ ಟ್ರಸ್ಟ್‌ಗಳದು. ವೈದ್ಯಕೀಯ ನೆರವು ನೀಡುವ ಪ್ರತಿಯೊಂದು ಟ್ರಸ್ಟ್ ತನ್ನ ಹತ್ತು ವರ್ಷಗಳ ಲೆಕ್ಕಪುಸ್ತಕವನ್ನು ತೆರೆದು ನೆರವು ಪಡೆದ ಹೆಣ್ಣುಮಕ್ಕಳನ್ನು ಎಣಿಸಲಿ. ಅರ್ಜಿ ಬರಲೇ ಇಲ್ಲವೆಂಬುದು ಉತ್ತರವಾಗದು. ಅರ್ಜಿ ಬರೆಯುವ ಕೈ ಯಾರದೆಂಬುದು ಎಲ್ಲರಿಗೂ ಗೊತ್ತು. ಬಾರದ ಅರ್ಜಿಯನ್ನು ಹುಡುಕಿಕೊಂಡು ಹೋಗಲಿ. ಹಿಂಸೆ ಮಾಡಿದವನಷ್ಟೇ ಅಲ್ಲ, ಮಾಡಿಸಿದವನೂ ಅನುಮೋದಿಸಿದವನೂ ಪಾಲುದಾರರೆಂದು ಬಾಲ್ಯದಿಂದಲೇ ಕಲಿತ ಸಮಾಜಕ್ಕೆ, ಅಡುಗೆಮನೆಯ ಬಾಗಿಲಿನತ್ತ ಹೊರಳುವ ಆ ಮೂಕ ದೃಷ್ಟಿಯೂ ಅನುಮೋದನೆಯೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.