ಮನೆ ಮಾರಾಟಕ್ಕಿದೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಅವನು ಈಚೆಗೆ ನನಗೊಂದು ಜಾಹೀರಾತನ್ನು ಕಳುಹಿಸಿ, “ಸಾರ್, ಕೊಂಡುಕೊಳ್ಳುತ್ತೀರಾ?” ಎಂದು ವಿನೋದವಾಗಿ ಕೇಳಿದ್ದ. ಆಲ್ಪ್ಸ್ ಪರ್ವತಗಳ ನಡುವಣ ಕೆಳ ಎಂಗಡೀನ್ ಕಣಿವೆಯ ಹಳ್ಳಿಯೊಂದರಲ್ಲಿ, ಜೀರ್ಣೋದ್ಧಾರಗೊಂಡ ಪುರಾತನ ಗೃಹವೊಂದು ಮಾರಾಟಕ್ಕಿದೆ ಎಂದು ಅದರ ಒಕ್ಕಣೆ. ಅಧ್ಯಾಪಕನ ಸಂಬಳ ಆ ಮನೆಯ ಬಾಗಿಲ ಚಿಲಕಕ್ಕೂ ಸಾಲದೆಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಸಾಲುವಂತಿದ್ದರೂ, ಹೊರದೇಶದಲ್ಲಿ ನೆಲಸಿದವರು ಅನುಮತಿಯಿಲ್ಲದೆ ಅಲ್ಲಿ ಮನೆ ಕೊಳ್ಳದಂತೆ 1983ರ ಕಾಯಿದೆಯೊಂದು ತಡೆದಿದೆ. ಆದರೂ ಆ ಜಾಹೀರಾತು ನನ್ನ ಮನಸ್ಸನ್ನು ಬಿಡಲಿಲ್ಲ. ಕೋಣೆಗಳೆಷ್ಟು, ಸ್ನಾನದ ಮನೆಗಳೆಷ್ಟು, ಕಿಟಕಿಯಿಂದ ಕಾಣುವ ಹಿಮಶಿಖರಗಳಾವುವು ಎಂಬುದೆಲ್ಲ ಅದರಲ್ಲಿತ್ತು. ಆ ಮನೆ ಯಾವ ಭಾಷೆಯನ್ನು ಆಡುತ್ತಿತ್ತೆಂಬುದು ಮಾತ್ರ ಇರಲಿಲ್ಲ.

ಮನೆಯೂ ಭಾಷೆಯನ್ನಾಡುವುದುಂಟೆ ಎಂದು ವಾಚಕರು ಕೇಳಬಹುದು. ಆ ಕಣಿವೆಯ ಮನೆಗಳ ರಚನೆಯನ್ನು ತಿಳಿದರೆ ಈ ಸಂದೇಹ ಉಳಿಯದು. ಗೋಡೆಗಳು ಬಹು ದಪ್ಪ. ಕಿಟಕಿಗಳು ಚಿಕ್ಕವು, ಆದರೆ ಅವುಗಳ ಅಂಚನ್ನು ಹೊರಮುಖವಾಗಿ ಆಲಿಕೆಯಂತೆ ಅಗಲಿಸಿರುತ್ತಾರೆ. ಚಳಿ ಹೊರಗೇ ಉಳಿದು ಬೆಳಕು ಒಳಗೆ ಬರಬೇಕು, ಅದಕ್ಕಾಗಿ ಈ ಉಪಾಯ. ದೊಡ್ಡ ಕಮಾನು ಬಾಗಿಲನ್ನು ದಾಟಿದರೆ ‘ಸುಲೇರ್’ ಎಂಬ ವಿಶಾಲವಾದ ಹಜಾರ. ಹುಲ್ಲಿನ ಬಂಡಿ ಅದರ ಮೂಲಕವೇ ಸಾಗಿ ಮನೆಯ ಹಿಂಭಾಗದ ಕಣಜವನ್ನು ಸೇರುತ್ತಿತ್ತು. ಅದರ ಪಕ್ಕದಲ್ಲಿ, ಬೆಟ್ಟದ ಪೈನ್ ಮರದ ಹಲಗೆಗಳನ್ನು ಹೊದಿಸಿದ ‘ಸ್ಟ್ಯೂವ’. ಚಳಿಗಾಲದಲ್ಲಿ ಇಡೀ ಸಂಸಾರ ಸೇರುತ್ತಿದ್ದ ಬೆಚ್ಚನೆಯ ಕೋಣೆ ಇದು. ದನಗಳಿಗೆ ಕೆಳಗಿನ ಅಂತಸ್ತು. ಮನುಷ್ಯರು, ದನಕರು, ಹುಲ್ಲು, ಧಾನ್ಯ ಎಲ್ಲವೂ ಒಂದೇ ಸೂರಿನಡಿ.

ಹೊರಗೋಡೆಯಂತೂ ಒಂದು ತೆರೆದ ಪುಸ್ತಕವೇ ಸರಿ. ಬೂದುಬಣ್ಣದ ಗಾರೆಯ ಮೇಲೆ ಸುಣ್ಣವನ್ನು ಬಳಿದು, ಅದು ಒಣಗುವ ಮೊದಲೇ ಕೆರೆದು, ಒಳಗಿನ ಬೂದು ರೇಖೆಗಳು ಮೂಡುವಂತೆ ಮಾಡುತ್ತಾರೆ. ಇದಕ್ಕೆ ‘ಸ್ಗ್ರಾಫಿತೊ’ ಎಂದು ಹೆಸರು. ಹೂಬಳ್ಳಿಗಳು, ಮೀನುಗಳು, ನಕ್ಷತ್ರಗಳು, ಮನೆ ಕಟ್ಟಿದವನ ಹೆಸರು, ವರ್ಷ, ಒಂದು ನೀತಿಯ ನುಡಿ ಇವೆಲ್ಲ ಗೋಡೆಯ ಮೇಲೆ ನಿಂತಿರುತ್ತವೆ. ಆ ನುಡಿ ರೋಮಾಂಶ್ ಭಾಷೆಯದು.

ಲ್ಯಾಟಿನ್ನಿನ ಈ ಮಗಳು ಬೆಟ್ಟಗಳ ಮರೆಯಲ್ಲಿ ಬೆಳೆದವಳು. ಐದು ಉಪಭಾಷೆಗಳಲ್ಲಿ ಹಂಚಿಹೋದವಳು. ಇದರ ಮೊದಲ ಮುದ್ರಿತ ಗ್ರಂಥ ಹೊರಬಂದದ್ದು 1552ರಲ್ಲಿ. 1938ರಲ್ಲಿ ಸ್ವಿಸ್ ಜನತೆ ಶೇಕಡ ತೊಂಬತ್ತಕ್ಕೂ ಮೀರಿದ ಮತಗಳಿಂದ ಇದಕ್ಕೆ ನಾಲ್ಕನೆಯ ರಾಷ್ಟ್ರಭಾಷೆಯ ಪದವಿಯನ್ನು ಕೊಟ್ಟಿತು. ಅಷ್ಟು ಚಿಕ್ಕ ಭಾಷೆಗೆ ಅಷ್ಟು ದೊಡ್ಡ ಗೌರವ ಲೋಕದಲ್ಲಿ ಅಪರೂಪ. ಆದರೆ ಗೌರವ ಬೇರೆ, ಬಾಳು ಬೇರೆ. 2000ದ ಜನಗಣತಿಯಲ್ಲಿ ಇದು ತಮ್ಮ ಮುಖ್ಯ ಭಾಷೆಯೆಂದು ಹೇಳಿಕೊಂಡವರು ಸುಮಾರು 35 ಸಾವಿರ ಮಂದಿ ಮಾತ್ರ.

ಇದೇ ಕಣಿವೆಯಲ್ಲಿ ಗ್ವಾರ್ದಾ ಎಂಬ ಹಳ್ಳಿಯಿದೆ. 1622ರಲ್ಲಿ ಆಸ್ಟ್ರಿಯದ ಸೇನೆ ಅದನ್ನು ಸುಟ್ಟುಹಾಕಿತು. ಹಳ್ಳಿಗರು ಮತ್ತೆ ಕಟ್ಟಿಕೊಂಡರು. ಮೂರು ಶತಮಾನಗಳ ಬಳಿಕ ಆ ಮನೆಗಳು ಶಿಥಿಲವಾಗಿದ್ದಾಗ, 1939ರಿಂದ 1945ರವರೆಗೆ, ಯಾಹನ್ ಉಲ್ರಿಕ್ ಕ್ಯೋಂಟ್ಸ್ ಎಂಬ ವಾಸ್ತುಶಿಲ್ಪಿ ಅವನ್ನು ಉದ್ಧರಿಸಿದನು. ಹೊರಗೆ ಮಹಾಯುದ್ಧ ಲೋಕವನ್ನು ಕೆಡವುತ್ತಿದ್ದ ವರ್ಷಗಳಲ್ಲಿ ಒಬ್ಬನು ಹಳ್ಳಿಯ ಗೋಡೆಗಳಿಗೆ ಸುಣ್ಣ ಬಳಿಸುತ್ತಿದ್ದನೆಂಬುದನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ. ಅವನ ಪತ್ನಿ ಸೆಲೀನಾ ರೋಮಾಂಶಿನಲ್ಲಿ ರಚಿಸಿದ ಮಕ್ಕಳ ಕಥೆ, ಆಲೊಯಿಸ್ ಕಾರಿಜಿಯೆಟನ ಚಿತ್ರಗಳೊಡನೆ 1945ರಲ್ಲಿ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು. ಮಾರ್ಚಿ ಒಂದರಂದು ಮಕ್ಕಳು ಗಂಟೆ ಬಾರಿಸುತ್ತ ಚಳಿಗಾಲವನ್ನು ಓಡಿಸುವ ಹಬ್ಬ ಆ ಸೀಮೆಯಲ್ಲುಂಟು. ಅದರಲ್ಲಿ ದೊಡ್ಡ ಗಂಟೆಗಾಗಿ ಹಿಮದ ಬೆಟ್ಟವನ್ನೇರುವ ಹುಡುಗನ ಕಥೆಯದು. ಗಂಡ ಮನೆಯನ್ನು ಉಳಿಸಿದನು. ಹೆಂಡತಿ ಮನೆಯ ಮಾತನ್ನು ಉಳಿಸಿದಳು. ಜೀರ್ಣೋದ್ಧಾರವೆಂಬ ಶಬ್ದದ ಪೂರ್ಣಾರ್ಥ ಇದೇ ಎಂದು ನನ್ನ ಭಾವನೆ. 1975ರಲ್ಲಿ ಗ್ವಾರ್ದಾಕ್ಕೆ ವಾಕರ್ ಪ್ರಶಸ್ತಿ ಬಂದುದು ನ್ಯಾಯವೇ ಆಗಿದೆ.

ಈಗಿನ ಉದ್ಧಾರದ ಕಥೆ ಬೇರೆ. ಮನೆ ಹೊಳೆಯುತ್ತದೆ, ಆದರೆ ವರ್ಷದ ಬಹುಪಾಲು ಬೀಗ ಹಾಕಿರುತ್ತದೆ. ನಗರದ ಸಿರಿವಂತರು ರಜೆಗೆಂದು ಕೊಳ್ಳುವ ಇಂಥ ‘ಎರಡನೆಯ ಮನೆ’ಗಳು ಬೆಟ್ಟದ ಹಳ್ಳಿಗಳಲ್ಲಿ ಮಿತಿಮೀರಿದುದನ್ನು ಕಂಡು, 2012ರ ಮಾರ್ಚ್ 11ರಂದು ಸ್ವಿಸ್ ಮತದಾರರು ಒಂದು ಕಟ್ಟಳೆಯನ್ನು ಒಪ್ಪಿದರು: ಯಾವ ಊರಿನಲ್ಲಿಯೂ ಅವು ಶೇಕಡ 20ನ್ನು ಮೀರಬಾರದು. ಗೆದ್ದದ್ದು ಶೇಕಡ 50.6 ಮತಗಳಿಂದ, ಕೂದಲೆಳೆಯ ಅಂತರದಲ್ಲಿ. ಹೊಸದಾಗಿ ಕಟ್ಟುವುದಕ್ಕೆ ಕಡಿವಾಣ ಬಿದ್ದಿತು. ಆದರೆ ಆ ದಿನಕ್ಕೆ ಮೊದಲೇ ಇದ್ದ ವಾಸದ ಮನೆಗಳನ್ನು ರಜೆಯ ಮನೆಗಳಾಗಿಯೂ ಬಳಸಬಹುದೆಂದು ಬಳಿಕ ಬಂದ ಕಾಯಿದೆ ಬಿಟ್ಟುಕೊಟ್ಟಿದೆ. ಹೀಗಾಗಿ ಸಿರಿವಂತರ ಕಣ್ಣು ಹಳೆಯ ಮನೆಗಳ ಮೇಲೇ ಬೀಳುವುದು ಸಹಜ. ಅವರ ಬೆಲೆಯನ್ನು ಕೊಡುವುದು ಅದೇ ಊರಿನ ಬಡಗಿಗಾಗಲಿ, ಶಾಲೆಯ ಉಪಾಧ್ಯಾಯಿನಿಗಾಗಲಿ ಸಾಧ್ಯವೆ?

ಕೊಳ್ಳುವವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವರ ಹಣವಿಲ್ಲದಿದ್ದರೆ ಎಷ್ಟೋ ಸೂರುಗಳು ಹಿಮದ ಭಾರಕ್ಕೆ ಕುಸಿಯುತ್ತಿದ್ದುವು. ಗಾರೆಯ ಕೆಲಸ ಬಲ್ಲವರಿಗೆ ಅನ್ನವಿರುತ್ತಿರಲಿಲ್ಲ. ಮಾರುವವರನ್ನು ಹಳಿಯುವ ಯೋಗ್ಯತೆಯೂ ನನಗಿಲ್ಲ. ನಮ್ಮ ಊರಿನ ತೊಟ್ಟಿಮನೆಯನ್ನು ಅಣ್ಣತಮ್ಮಂದಿರು ಸೇರಿ ಮಾರಿದಾಗ ಕ್ರಯಪತ್ರಕ್ಕೆ ರುಜು ಹಾಕಿದವರಲ್ಲಿ ನಾನೂ ಒಬ್ಬ. ಅದಾದ ಕೆಲವು ವರ್ಷಗಳ ಮೇಲೆ ತರಗತಿಯಲ್ಲಿ ‘ಪಡಸಾಲೆ’ ಎಂಬ ಶಬ್ದ ಬಂದಿತು. ಹುಡುಗರಿಗೆ ಅರ್ಥವಾಗಲಿಲ್ಲ. ಕಪ್ಪುಹಲಗೆಯ ಮೇಲೆ ನಕ್ಷೆ ಬರೆದು ತೋರಿಸಿದೆ. ಬರೆದು ಮುಗಿಸಿದ ಮೇಲೆ ನೋಡುತ್ತೇನೆ, ಅದು ನಾನೇ ಮಾರಿದ್ದ ಮನೆ! ನಿಘಂಟಿನಲ್ಲಿ ಶಬ್ದವಿದೆ; ಅದರಲ್ಲಿ ಓಡಾಡುವವರಿಲ್ಲ.

ಎಂಗಡೀನಿನ ಮನೆಗೂ ಬರಬಹುದಾದ ಗತಿ ಇದೇ ಎಂದು ನಾನು ಅಂಜುತ್ತೇನೆ. ಗೋಡೆಯ ಅಕ್ಷರಗಳನ್ನು ರಕ್ಷಿಸಬಲ್ಲ ಇಲಾಖೆಗಳುಂಟು. ಅವನ್ನು ಓದುವ ಮಕ್ಕಳನ್ನು ಯಾವ ಇಲಾಖೆಯೂ ತಂದುಕೊಡಲಾರದು. ಅಲ್ಲಿಯ ಹಳ್ಳಿಯ ಶಾಲೆ ಇಂದಿಗೂ ರೋಮಾಂಶಿನಲ್ಲಿ ಪಾಠ ಹೇಳುತ್ತದೆ. ಆದರೆ ಶಾಲೆಗೆ ಬೇಕಾದುದು ವರ್ಷವೆಲ್ಲ ಒಲೆ ಉರಿಯುವ ಮನೆ. ಆದುದರಿಂದ ಇಂಥ ಮನೆ ಮಾರಾಟಕ್ಕೆ ಬಂದಾಗ ಮೊದಲ ಅವಕಾಶ ಅಲ್ಲೇ ಬಾಳುವ ಸಂಸಾರಕ್ಕಿರಬೇಕು. ಬೆಲೆಯ ಕೊರತೆಯನ್ನು ಊರೂ ಸರ್ಕಾರವೂ ಹಂಚಿಕೊಳ್ಳಬೇಕು. ಕಲ್ಲಿಗೆ ಕೊಡುವ ಸಹಾಯಧನವನ್ನು ಬಾಳಿಗೂ ಕೊಟ್ಟರೆ ತಪ್ಪೇನು? ಹೊರಗಿನವರೇ ಕೊಳ್ಳುವುದಾದರೆ, ತಮ್ಮ ಗೋಡೆಯ ಮೇಲಿನ ಒಂದು ಸಾಲನ್ನಾದರೂ ನೆರೆಯವರಿಂದ ಓದಿಸಿಕೊಂಡು ಕಲಿಯಲಿ. ಅದು ಕಾಯಿದೆಯ ಮಾತಲ್ಲ, ಮರ್ಯಾದೆಯ ಮಾತು.

ವಿದ್ಯಾರ್ಥಿಗೆ ಉತ್ತರ ಬರೆದೆ: “ಕೊಳ್ಳಲು ನನ್ನಿಂದಾಗದು, ಅಪ್ಪಾ. ಆದರೆ ಮಾರ್ಚಿ ಒಂದರಂದು ಬಿಡುವಾದರೆ ಆ ಹಳ್ಳಿಗೆ ಹೋಗಿ ಬಾ. ಮಕ್ಕಳು ಗಂಟೆ ಬಾರಿಸುತ್ತ ಬಂದಾಗ ಆ ಮನೆಯ ಬಾಗಿಲನ್ನು ತೆರೆಯುವವರು ಯಾರಾದರೂ ಇದ್ದರೇ ಎಂಬುದನ್ನು ನೋಡಿ, ನನಗೆ ತಿಳಿಸು.”