ಉಜ್ಜಿದರೆ ಹೋಗುವುದು ಕೊಳೆಯಷ್ಟೇ ಅಲ್ಲ

ನಿವೃತ್ತನಾದ ಮೇಲೆ ಕೈಗೊಂದು ಕೆಲಸ ಬೇಕೆನಿಸಿ, ತೀರಿಹೋದ ನಮ್ಮಣ್ಣನ ಎಲೆಕ್ಟ್ರಿಕ್ ಗಿಟಾರನ್ನು ಅಟ್ಟದಿಂದ ಇಳಿಸಿದೆ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಕಾಲೇಜು ವಾದ್ಯವೃಂದವೊಂದರಲ್ಲಿ ಅವನು ನುಡಿಸುತ್ತಿದ್ದ, ಕಲ್ಕತ್ತೆಯಲ್ಲಿ ತಯಾರಾದ ವಾದ್ಯವದು. ತಂತಿಗಳಿಗೆ ತುಕ್ಕು ಹಿಡಿದಿತ್ತು. ಧ್ವನಿಯ ಗುಂಡಿ ತಿರುಗಿಸಿದರೆ ಕರಕರ ಸದ್ದು. ಬಣ್ಣ ಅಲ್ಲಲ್ಲಿ ಸವೆದು ಒಳಗಿನ ಮರ ಕಾಣುತ್ತಿತ್ತು.

ಮೂವತ್ತು ವರ್ಷ ವಿಜ್ಞಾನ ಬೋಧಿಸಿದವನಿಗೆ ಅದರ ಒಳಗುಟ್ಟು ಅಪರಿಚಿತವೇನಲ್ಲ. ಅಯಸ್ಕಾಂತಗಳ ಸುತ್ತ ಕೂದಲಿನಷ್ಟು ತೆಳ್ಳನೆಯ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಅದೇ ಪಿಕಪ್. ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ತ್ವವೇ ಇದು. ಮಲ್ಟಿಮೀಟರ್ ಹಿಡಿದಾಗ ಸುಮಾರು 6 ಕಿಲೋ ಓಮ್ ತೋರಿಸಿತು, ಸುರುಳಿ ಕಡಿದಿರಲಿಲ್ಲ. ಗುಂಡಿಗಳೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಾರು ಸಲ ತಿರುಗಿಸಿದ ಮೇಲೆ ಕರಕರ ನಿಂತಿತು. ಬಿಟ್ಟುಹೋಗಿದ್ದ ಒಂದು ಬೆಸುಗೆಯನ್ನು ಮತ್ತೆ ಹಾಕಿ, ಹೊಸದಾಗಿ ಆರು ತಂತಿ ಕಟ್ಟಿದೆ. ವಾದ್ಯ ಮಾತನಾಡಿತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಹುರುಪಿನಲ್ಲಿ ಅದಕ್ಕೆ ಹೊಸ ಬಣ್ಣ ಬಳಿಯುವ ಆಸೆಯಾಗಿ, ಬೆನ್ನಿನ ಭಾಗವನ್ನು ಸ್ಯಾಂಡ್‌ಪೇಪರಿನಿಂದ ನುಣ್ಣಗೆ ಉಜ್ಜಿಬಿಟ್ಟೆ. ಮರುದಿನ ಬಂದ ಅತ್ತಿಗೆ ಗಿಟಾರನ್ನು ತಿರುಗಿಸಿ ನೋಡಿ, “ಅವರ ಬೆಲ್ಟಿನ ಗೆರೆಗಳೆಲ್ಲ ಎಲ್ಲಿ ಹೋದವಪ್ಪ?” ಎಂದರು. ಸೊಂಟದ ಬಕಲ್ ತಾಗಿ ತಾಗಿ ವರ್ಷಗಟ್ಟಲೆ ಮೂಡಿದ್ದ ಗೆರೆಗಳವು. ನನಗೆ ಕೊಳೆಯಾಗಿ ಕಂಡದ್ದು ಅವರಿಗೆ ಅಣ್ಣನ ಗುರುತಾಗಿತ್ತು. ಉತ್ತರ ಹೇಳಲು ನನಗೆ ನಾಲಗೆ ಏಳಲಿಲ್ಲ.

ಹಳೆಯದನ್ನು ಹೊಸದಾಗಿಸುವುದೇ ದುರಸ್ತಿ ಎಂಬ ನಮ್ಮ ಭಾವನೆ ತಪ್ಪೆಂದು ಅಂದಿನಿಂದ ನನಗನಿಸಿದೆ. ಐರ್ಲೆಂಡಿನ ರೋರಿ ಗ್ಯಾಲಗರ್ 1963ರಲ್ಲಿ ಕೊಂಡ ಸ್ಟ್ರಾಟೋಕ್ಯಾಸ್ಟರ್ ಗಿಟಾರಿನ ಬಣ್ಣ ಬಹುಪಾಲು ಉದುರಿಹೋಗಿತ್ತು. ಆತ ಅದಕ್ಕೆ ಹೊಸ ಬಣ್ಣ ಬಳಿಸದೆ ಹಾಗೆಯೇ ನುಡಿಸಿದ. 2024ರ ಹರಾಜಿನಲ್ಲಿ ಅದಕ್ಕೆ 7 ಲಕ್ಷ ಪೌಂಡಿಗೂ ಹೆಚ್ಚು ಬೆಲೆ ಬಂದಿತು. ಇನ್ನೊಂದು ಕಡೆ, ಅದೇ ಗಿಟಾರು ತಯಾರಿಸಿದ ಫೆಂಡರ್ ಕಂಪನಿ 1990ರ ದಶಕದಿಂದ ಹೊಸ ಗಿಟಾರುಗಳನ್ನು ಬೇಕೆಂದೇ ಸವೆಸಿ, ಹೆಚ್ಚಿನ ಬೆಲೆಗೆ ಮಾರುತ್ತ ಬಂದಿದೆ! ಅಲ್ಲಿ ಜನ ಸವಕಲನ್ನು ಹಣ ಕೊಟ್ಟು ಕೊಳ್ಳುತ್ತಾರೆ. ನಾನು ನಿಜವಾದ ಸವಕಲನ್ನು ಹತ್ತು ರೂಪಾಯಿಯ ಕಾಗದದಿಂದ ಅಳಿಸಿದೆ.

ಹಾಗಾದರೆ ಹಳೆಯ ವಸ್ತು ಹಾಳಾಗಲೆಂದು ಬಿಡಬೇಕೇ ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ನುಡಿಯದ ಗಿಟಾರು ಬರಿಯ ಮರದ ತುಂಡು. ಆದರೆ ಕೆಟ್ಟದ್ದು ಬೇರೆ, ಸವೆದದ್ದು ಬೇರೆ. ಕೆಟ್ಟದ್ದು ವಸ್ತುವಿನ ಕೆಲಸಕ್ಕೆ ಅಡ್ಡಿ, ಅದನ್ನು ಸರಿಪಡಿಸಲೇಬೇಕು. ಸವೆದದ್ದು ಅದು ದುಡಿದ ದುಡಿಮೆಯ ದಾಖಲೆ, ಅದನ್ನು ಹಾಗೆಯೇ ಉಳಿಸಬೇಕು. ತುಕ್ಕು ಹಿಡಿದ ತಂತಿಯನ್ನು ಬದಲಿಸಿದರೆ ಇನ್ನೊಂದು ಸಿಗುತ್ತದೆ. ಉಜ್ಜಿ ಹೋದ ಗೆರೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಮನೆಯಲ್ಲಿ ಇಂಥ ಕೆಲಸಕ್ಕೆ ಕೈ ಹಾಕುವವರು ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ, ಬಿಚ್ಚಿದ ಬಿಡಿಭಾಗಗಳನ್ನು ಎಸೆಯಬೇಡಿ, ಮನೆಯವರನ್ನು ಒಂದು ಮಾತು ಕೇಳಿ.

ಗಿಟಾರಿನ ಮುಂಭಾಗವನ್ನು ನಾನು ಮುಟ್ಟಲಿಲ್ಲ. ಅಣ್ಣನ ಬಲಗೈ ಒರಗುತ್ತಿದ್ದಲ್ಲಿ ಬಣ್ಣ ಅಂಗೈಯಗಲ ಸವೆದಿದೆ. ಈಗ ಅವನ ಮಗ ನುಡಿಸುವಾಗ ಅವನ ಕೈಯೂ ಅಲ್ಲೇ ಒರಗುತ್ತದೆ.